ಸಮುದ್ರಕ್ಕೆ ದಾರಿ, ಕುರುಗೋಡಿನ ಮೇಲೆ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ವಾಸಿಸುವ ಚನ್ನಬಸವರಾಜರು ಅಕ್ಕಿ ಗಿರಣಿಗಳಿಗೆ ಬೇಕಾಗುವ ಬೆಲ್ಟು, ಬೇರಿಂಗು ಮಾರುವ ಅಂಗಡಿ ಇಟ್ಟುಕೊಂಡಿದ್ದಾರೆ. ಅಂಗಡಿಗೆ ಬರುವವರಲ್ಲಿ ಅರ್ಧ ಜನ ಬೆಲ್ಟಿಗೆ ಬರುತ್ತಾರೆ, ಉಳಿದರ್ಧ ದಾರಿ ಕೇಳುವುದಕ್ಕೆ. ಧರ್ಮಸ್ಥಳಕ್ಕೆ ಹೊರಟವರಿರಲಿ, ಗೋವಾಕ್ಕೆ ಹೊರಟವರಿರಲಿ, ಮೊದಲು ಅವರ ಕೌಂಟರಿನ ಮುಂದೆ ನಿಲ್ಲುವುದು ವಾಡಿಕೆ. ಯಾವ ಘಟ್ಟದಲ್ಲಿ ತಿರುವು ಹೆಚ್ಚು, ಯಾವ ಊರು ದಾಟಿದರೆ ಪೆಟ್ರೋಲ್ ಬಂಕ್ ಸಿಗುವುದಿಲ್ಲ, ಯಾವ ಸೇತುವೆಯ ಹತ್ತಿರ ಇಳಿದು ಫೋಟೊ ತೆಗೆಯಬಹುದು ಎಂಬುದನ್ನೆಲ್ಲ ಅವರು ಬೆಲ್ಟು ಸುತ್ತುತ್ತಲೇ ಹೇಳುತ್ತಾರೆ. ಹೇಳಿದ್ದು ಈವರೆಗೆ ತಪ್ಪಿಲ್ಲ. ಅವರು ಸ್ವತಃ ಕಾರು ಓಡಿಸಿಕೊಂಡು ಹೋದ ಅತಿ ದೂರದ ಊರು ಸಿರುಗುಪ್ಪ. ಈ ಎರಡು ಸಂಗತಿಗಳಲ್ಲಿ ವಿರೋಧವೇನೂ ಇಲ್ಲ. ಚಂದ್ರನ ದೂರವನ್ನು ಅಳೆದವರೆಲ್ಲ ಚಂದ್ರನಿಗೆ ಹೋಗಿ ಬಂದವರಲ್ಲ.

ಅವರ ಹೆಂಡತಿ ಕೊಟ್ರಮ್ಮನವರ ಖ್ಯಾತಿ ಬೇರೆ ಬಗೆಯದು. ಅವರು ತಟ್ಟುವ ಜೋಳದ ರೊಟ್ಟಿಯಷ್ಟು ತೆಳುವಾದದ್ದು ಇಡೀ ಬಳಗದಲ್ಲಿ ಇಲ್ಲ. ಅದರ ಫಲವಾಗಿ, ಯಾವ ನೆಂಟರ ಮನೆಗೆ ಹೋದರೂ ಕಾಲಿಗೆ ನೀರು ಬರುವ ಮೊದಲೇ ಅವರ ಮುಂದೆ ಹಿಟ್ಟಿನ ಪರಾತ ಬರುತ್ತದೆ. ಮದುವೆಯಿರಲಿ, ಸಾವಿರಲಿ, ಅವರು ನೋಡಿದ್ದು ಒಲೆಯ ಮುಂದಿನ ಗೋಡೆಯನ್ನು.

"ಎಲ್ಲಾರಿಗೂ ದಾರಿ ಹೇಳ್ತೀರಿ, ನಮ್ಮ ಕಾರು ಮಾತ್ರ ಸಿರುಗುಪ್ಪದ ಆಚಿ ಕಂಡಿಲ್ಲ," ಎಂದು ಕೊಟ್ರಮ್ಮ ಒಂದು ದಿನ ಹೇಳಿದರು. "ನಾನೂ ಸಮುದ್ರ ನೋಡಬೇಕು."

"ನೋಡಾಣ. ಒಂದು ರಾತ್ರಿ ನಡುವಿನ ಊರಾಗ ನಿಲ್ಲಬೇಕಾಗತೈತಿ."

"ಅದಽ ನನಗ ಬೇಕಾಗಿದ್ದು. ಲಾಡ್ಜಿನಾಗ ನಿಲ್ಲಬೇಕು, ಯಾರ ಮನಿಯಾಗೂ ಅಲ್ಲ. ಒಂದು ರಾತ್ರಿ ಮಂದಿ ಮಾಡಿ ತಂದಿಟ್ಟಿದ್ದು ಉಂಡು ಮಲಗಬೇಕು. ಸಮುದ್ರ ಕಾಣದಿದ್ರೂ ನಡೀತೈತಿ."

ಕೊನೆಯ ಮಾತು ಚನ್ನಬಸವರಾಜರಿಗೆ ಕೇಳಿಸಲಿಲ್ಲ. ಅವರಾಗಲೇ ಫೋನಿನಲ್ಲಿ ಮ್ಯಾಪ್ ತೆರೆದಿದ್ದರು.

ಎರಡು ದಾರಿಗಳು ಉಳಿದುಕೊಂಡವು. ಒಂದು, ಹುಬ್ಬಳ್ಳಿಯ ಮೇಲೆ ಹೋಗಿ ಯಲ್ಲಾಪುರದಲ್ಲಿ ತಂಗಿ ಅಂಕೋಲೆಗೆ ಇಳಿಯುವುದು. ಇನ್ನೊಂದು, ಶಿವಮೊಗ್ಗದ ಮೇಲೆ ಹೋಗಿ ಸಾಗರದಲ್ಲಿ ತಂಗಿ ಹೊನ್ನಾವರಕ್ಕೆ ಇಳಿಯುವುದು. ರಸ್ತೆ, ನೋಟ, ಊಟ, ಪಾರ್ಕಿಂಗ್ ಎಂದು ಅಂಕ ಹಾಕಿದರು. ಎರಡಕ್ಕೂ ಒಂದೇ ಮೊತ್ತ ಬಂತು. ಫಲಿತಾಂಶ ಸಮನಾದಾಗ ಹೊರಗಿನವರ ಅಭಿಪ್ರಾಯ ಕೇಳುವುದು ಶಾಸ್ತ್ರೀಯ ಕ್ರಮ. ಅವರು ಕೇಳಿದ್ದು ಬಳಗದ ವಾಟ್ಸಾಪ್ ಗುಂಪನ್ನು.

ಮೊದಲು ಸಿರುಗುಪ್ಪದಿಂದ ಅಕ್ಕ ವಿರೂಪಮ್ಮನ ಫೋನ್ ಬಂತು.

"ಲೇ ಬಸ್ಯಾ, ಅಷ್ಟು ದೂರ ಹೊಂಟೀಯ, ಅಕ್ಕಗ ಹೇಳಿ ಹೋಗಬೇಕು ಅನ್ನೋ ಖಬರಿಲ್ಲೇನು?"

"ಈಗ ಹೇಳಿದ್ನಲ್ಲಕ್ಕ."

"ಫೋನಿನಾಗ ಹೇಳಿದ್ರ ಹೇಳಿದಂಗಾತೇನು? ಮನಿಗೆ ಬಾ, ಉಂಡು ಹೋಗು. ಹಸಿರು ನೋಡಾಕ ಘಟ್ಟಕ್ಯಾಕ ಹೋಗಬೇಕು? ನಮ್ಮ ಭತ್ತದ ಗದ್ದಿ ಏನು ಕೆಂಪಗದಾವ? ನೀರು ಬೇಕಂದ್ರ ರಾರಾವಿಯಾಗ ಹೊಳಿ ಐತಿ."

ಕುರುಗೋಡಿನಿಂದ ಚಿಕ್ಕಪ್ಪನ ಮಗ ಗಾದಿಲಿಂಗನದು ನೇರವಾದ ನೋವು. "ಅಣ್ಣ, ನೀನು ದುಡ್ಡು ಕೊಟ್ಟು ಲಾಡ್ಜಿನಾಗ ಮಲಗಿದ್ರ ನಾವು ಊರಾಗ ಮುಖ ಹೆಂಗ ತೋರಸಾಣ? ತಮ್ಮನ ಮನಿ ಇಲ್ಲೇನು?"

"ನಿನ್ನ ಮನಿ ಕುರುಗೋಡಿನಾಗೈತಿ. ನಾವು ನಿಲ್ಲಾದು ಯಲ್ಲಾಪುರದಾಗ."

"ಅಲ್ಲೇನೈತಿ? ಗುಡ್ಡ. ನಮ್ಮ ಮನಿ ಹಿಂದಿರಾದು ಏನು ಮತ್ತ?"

ಚನ್ನಬಸವರಾಜರು ಇದನ್ನು ಪಕ್ಷಪಾತವಿಲ್ಲದೆ ಪರಿಶೀಲಿಸಿದರು. ನೋಟದ ದಾರಿ ಎಂದರೆ ಹಸಿರು, ನೀರು, ಗುಡ್ಡ. ಮೂರೂ ಮೊದಲ ದಿನವೇ ಸಿಗುವುದಾದರೆ ಬೇಡ ಎನ್ನಲು ಕಾರಣ ತೋರಲಿಲ್ಲ. ಅಲ್ಲದೆ ಸಿರುಗುಪ್ಪದಿಂದ ಕುರುಗೋಡು ದಕ್ಷಿಣಕ್ಕಿದ್ದರೂ ತುಸು ಪಶ್ಚಿಮಕ್ಕೆ ವಾಲಿದೆ. ಸಮುದ್ರವೂ ಪಶ್ಚಿಮಕ್ಕೇ ಇರುವುದು. ಆ 'ತುಸು'ವನ್ನು ಗಟ್ಟಿಯಾಗಿ ಹಿಡಿದುಕೊಂಡು ಅವರು ದಾರಿ ನಿರ್ಧರಿಸಿದರು. ಮೊದಲು ಸಿರುಗುಪ್ಪ, ರಾತ್ರಿಗೆ ಕುರುಗೋಡು. ತಂಗುವ ಊರು ಮನೆಯಿಂದ ಮೂವತ್ತು ಕಿಲೋಮೀಟರಿನೊಳಗೆ ಬಂದು ನಿಂತಿತ್ತು.

"ಲಾಡ್ಜು?" ಎಂದು ಕೊಟ್ರಮ್ಮ ಕೇಳಿದರು.

"ಎರಡನೇ ದಿನ ನೋಡಾಣ."

ಸಿರುಗುಪ್ಪದಲ್ಲಿ ವಿರೂಪಮ್ಮ ತಮ್ಮನನ್ನು ಕಂಡು ಕಣ್ಣೀರು ಹಾಕಿದರು, ತಮ್ಮನ ಹೆಂಡತಿಯ ಮುಂದೆ ಹಿಟ್ಟು ಇಟ್ಟರು. ಕೊಟ್ರಮ್ಮ ರೊಟ್ಟಿ ತಟ್ಟಿದರು. ಅಕ್ಕನ ಮಕ್ಕಳು, ಮೊಮ್ಮಕ್ಕಳು, ರೊಟ್ಟಿಯ ಸುದ್ದಿ ಕೇಳಿ ಬಂದ ಪಕ್ಕದ ಮನೆಯವರು ಎಲ್ಲರೂ ಉಂಡರು. ರಾರಾವಿಯ ಹೊಳೆ ನೋಡುವ ಹೊತ್ತಿಗೆ ಸಂಜೆಯಾಯಿತು. ಚನ್ನಬಸವರಾಜರು ದಂಡೆಯಲ್ಲಿ ನಿಂತು, ಈ ನೀರು ಪೂರ್ವದ ಸಮುದ್ರಕ್ಕೆ ಹೋಗಿ ಸೇರುತ್ತದೆ ಎಂದು ವಿವರಿಸಿದರು. "ನೀರಾದ್ರೂ ಹೋಗತೈತಲ್ಲ," ಎಂದರು ಕೊಟ್ರಮ್ಮ.

ಕುರುಗೋಡಿನಲ್ಲಿ ಕಾರು ನಿಂತಾಗ ಗಾದಿಲಿಂಗನ ಹೆಂಡತಿ ರಶ್ಮಿ ಬಾಗಿಲಿಗೇ ಓಡಿ ಬಂದಳು. ಒಳ್ಳೆಯ ಹುಡುಗಿ, ಅವಳ ಸಂತೋಷದಲ್ಲಿ ಕಪಟವಿರಲಿಲ್ಲ.

"ಬಾರಕ್ಕ, ಬಾ. ನೀನು ಬರ್ತಿ ಅಂತ ಬೆಳಗ್ಗೆನಽ ಜ್ವಾಳ ಬೀಸಿಸೀನಿ. ಓಣಿಯವರಿಗೆಲ್ಲ ಹೇಳಿಬಿಟ್ಟೀನಿ, ಇವತ್ತು ನಮ್ಮಕ್ಕನ ಕೈ ರೊಟ್ಟಿ ಅಂತ."

ಪಡಸಾಲೆಯಲ್ಲೇ ಪರಾತ ಸಿದ್ಧವಾಗಿತ್ತು. ಕೊಟ್ರಮ್ಮ ಅದರಲ್ಲಿದ್ದ ಹಿಟ್ಟಿನ ಗುಡ್ಡೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಿರುಗಿ ಹೋಗಿ ಕಾರಿನಲ್ಲಿ ಕುಳಿತರು.

"ಸಿಟ್ಟಾದ್ಯೇನಕ್ಕ?" ರಶ್ಮಿ ಹಿಂದೆಯೇ ಬಂದಳು.

"ಸಿಟ್ಟಿಲ್ಲವ್ವ. ನಾವು ದೂರ ಹೋಗಾರು. ನಡೀರಿ, ಗಾಡಿ ತೆಗೀರಿ."

"ಅತ್ತಿಗಿ, ಕತ್ತಲಾತು, ಈಗೆಲ್ಲಿಗೆ?" ಎಂದ ಗಾದಿಲಿಂಗ.

"ನಿಮ್ಮಣ್ಣಗ ಗೊತ್ತಿಲ್ಲದ ದಾರಿ ಐತೇನಪ್ಪ?"

ಊರು ದಾಟಿದ ಮೇಲೆ ಚನ್ನಬಸವರಾಜರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಸದ್ದು ಮಾಡಿತು. ಮೂರು ವರ್ಷವಾದರೂ ಅದನ್ನು ತೆಗೆದಿರಲಿಲ್ಲ.

"ಯಲ್ಲಾಪುರ ಆಗಂಗಿಲ್ಲ. ಹೊಸಪೇಟಿನೂ ಆಗಂಗಿಲ್ಲ. ಎದುರಿಗೆ ಲಾರಿ ಲೈಟು ಬಿದ್ರ ನನಗ ರೋಡು ಕಾಣಂಗಿಲ್ಲ."

"ಇಷ್ಟು ದಿನ ಯಾಕ ಹೇಳ್ಲಿಲ್ಲ?"

"ಊರಿಗೆಲ್ಲ ದಾರಿ ಹೇಳಾವ ಇದನ್ನ ಹೆಂಗ ಹೇಳ್ಲಿ?"

ಕೊಟ್ರಮ್ಮನವರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. "ಕತ್ತಲಾಗ ನಿಮಗ ಕಾಣೋ ರೋಡು ಯಾವುದೈತಿ ಹೇಳ್ರಿ."

"ಬಳ್ಳಾರಿ ರೋಡು. ಎಷ್ಟೋ ಸಲ ಓಡಾಡಿದ್ದು, ಮೆಲ್ಲಕ ಹೋಗಬಹುದು."

"ಹಂಗಂದ್ರ ಬಳ್ಳಾರಿಗೇ ನಡೀರಿ. ಮನಿಗಲ್ಲ."

ರಾಯಲ್ ಸರ್ಕಲ್ಲಿಗೆ ಸಮೀಪದ ಒಂದು ಲಾಡ್ಜಿನ ಮ್ಯಾನೇಜರು ಆಧಾರ್ ಕಾರ್ಡುಗಳನ್ನು ತಿರುಗಿಸಿ ನೋಡಿದರು. "ಸರ್, ಮನಿ ಇಲ್ಲೇ ಕಂಟೋನ್ಮೆಂಟಿನಾಗ ಐತಲ್ಲ. ಕೀಲಿ ಕಳಕೊಂಡೀರೇನು?"

ಕೊಟ್ರಮ್ಮ ಮುಂದೆ ಬಂದರು. "ಕೀಲಿ ಐತಪ್ಪ. ಅಡಿಗಿ ಮನಿನೂ ಐತಿ. ಅದಕ್ಕಽ ಇಲ್ಲಿಗೆ ಬಂದೀವಿ."

ಕೋಣೆಗೆ ಸೇರುವಷ್ಟರಲ್ಲಿ ಗಾದಿಲಿಂಗನ ಫೋನ್ ಬಂತು. "ಅಣ್ಣ, ಎಲ್ಲಿಗೆ ಮುಟ್ಟಿದ್ರಿ?" ಅಂಗಡಿಯಲ್ಲಿ ಒಂದು ಫರ್ಲಾಂಗನ್ನೂ ತಪ್ಪು ಹೇಳದ ಮನುಷ್ಯ ಹೆಂಡತಿಯ ಮುಖ ನೋಡಿ, "ಚೊಲೋ ಜಾಗದಾಗ ಅದೀವಿ," ಎಂದರು.

ಊಟದ ತಟ್ಟೆಗಳು ಬಂದವು. ಅವುಗಳಲ್ಲಿ ಜೋಳದ ರೊಟ್ಟಿಯಿತ್ತು. ಕೊಟ್ರಮ್ಮ ಮಂಚದ ಮೇಲೆ ಕಾಲು ಮಡಚಿ ಕುಳಿತು ರೊಟ್ಟಿಯನ್ನು ಎತ್ತಿ ದೀಪಕ್ಕೆ ಹಿಡಿದರು, ಅಂಚು ಮುರಿದು ನೋಡಿದರು.

"ದಪ್ಪ ಆಗೈತಿ. ಅಂಚು ಬೆಂದಿಲ್ಲ. ಹಿಟ್ಟು ನಾದೇ ಇಲ್ಲ ಇವರು."

"ವಾಪಸ್ ಕಳಿಸ್ಲೇನು?" ಎಂದು ಗಂಡ ಎದ್ದರು.

"ಕುಂದರ್ರಿ ಸುಮ್ಮನ," ಎಂದು ಅವರು ಬಾಯಿ ತುಂಬಿಕೊಂಡೇ ಹೇಳಿದರು. "ಇನ್ನೆರಡು ತರಾಕ ಹೇಳ್ರಿ."