ಮೊದಲು ಒಳಗೆ ಬಂದದ್ದು ಸಂಡಿಗೆ

ನನ್ನ ತಂಗಿ ಉಸಿರು ಸಿಗದೆ ಕರೆಯುತ್ತಿದ್ದಾಗ ನಾನು ತಾರಸಿಯ ಮೇಲೆ ಸಂಡಿಗೆ ಎತ್ತುತ್ತಿದ್ದೆ.

ಸುತ್ತಿ ಬಳಸಿ ಹೇಳಿದರೆ ನನಗೇ ಅನುಕೂಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಮ್ಮದು ರಾಜಾನುಕುಂಟೆ ದಾಟಿದರೆ ಸಿಗುವ ಹೊಸ ಲೇಔಟ್. ಕೆಳಗೆ ನಾನು, ಮೇಲೆ ತಂಗಿ ಲಲಿತಾ, ಅದರ ಮೇಲೆ ತಾರಸಿ. ಹಿಂದೆ ಕುರುಚಲು ಕಾಡು. ಸೈಟ್ ಮಾರಿದವನು ‘ಫಾರೆಸ್ಟ್ ವ್ಯೂ’ ಅಂದಿದ್ದ. (ಬೇಸಿಗೆಯಲ್ಲಿ ಆ ಫಾರೆಸ್ಟು ಮನೆಯೊಳಕ್ಕೇ ಬರುತ್ತದೆ ಅಂತ ಹೇಳಿರಲಿಲ್ಲ.) ಶಿವರಾತ್ರಿ ಕಳೆದು ಹುಲ್ಲು ಒಣಗಿದ ಮೇಲೆ ಎಲ್ಲೋ ಕಿಡಿ ಬೀಳುತ್ತದೆ. ಯಾರೋ ಬೀಡಿ ಎಸೆದರು ಅನ್ನುವವರಿದ್ದಾರೆ. ಹೊಸ ಹುಲ್ಲು ಚಿಗುರಲಿ ಅಂತ ದನದವರೇ ಹಚ್ಚಿದರು ಅನ್ನುವವರೂ ಇದ್ದಾರೆ. ಯಾರೇ ಹಚ್ಚಲಿ, ಗಾಳಿ ಈ ಕಡೆ ತಿರುಗಿದರೆ ಹೊಗೆ ನಮ್ಮದು.

ಲೇಔಟಿನ ವಾಟ್ಸ್ಯಾಪ್ ಗ್ರೂಪಿಗೆ ಮೊದಲು ಫೋಟೋ ಬರುತ್ತದೆ. ಆಮೇಲೆ ‘ಯಾವ ಕಡೆ?’ ಅಂತ ಒಬ್ಬರು. ‘ನಮ್ಮ ಬ್ಲಾಕ್‌ಗೆ ಇಲ್ಲ’ ಅಂತ ಇನ್ನೊಬ್ಬರು. ಅಲ್ಲಿಗೆ ಮುಗಿಯಿತು.

ಲಲಿತಾಗೆ ವೀಸಿಂಗ್ ಇದೆ; ಉಸಿರು ಕಟ್ಟಿದಾಗ ಬಾಯಿಗೆ ಹೊಡೆದುಕೊಳ್ಳುವ ಪಂಪು ಸದಾ ಪಕ್ಕದಲ್ಲಿರಬೇಕು. ಹೊಗೆ ಕಂಡರೆ ಸಾಕು, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂರುತ್ತಾಳೆ. ನಾನು ನಗುತ್ತಿದ್ದೆ.

“ಸೌದೆ ಒಲೆ ಹೊಗೇಲಿ ಬೆಳೆದೋರು ಕಣೇ ನಾವು. ಈಗೇನು ನಿಂದು ನಾಜೂಕು?”

“ಒಲೆ ಮುಂದೆ ಕೂತು ಊದ್ತಿದ್ದೋಳು ನಾನು ಕಣಕ್ಕ. ನೀನು ಜಗಲಿ ಮೇಲೆ ಹೂ ಕಟ್ತಿದ್ದೆ.”

ಮಾತಿಗೆ ಮಾತು ಕೊಟ್ಟಳು ಅಂದುಕೊಂಡೆ. (ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೆ ಆ ಒಲೆಯ ಹೊಗೆ ಕುಡಿದವಳು ಅವಳು, ನಾನಲ್ಲ ಅನ್ನುವುದು ಅರ್ಥವಾಗಲು ಹೆಚ್ಚಿನ ಓದೇನೂ ಬೇಕಿರಲಿಲ್ಲ.)

ಆ ದಿನ ಬೆಳಿಗ್ಗೆ ಇಬ್ಬರೂ ಸೇರಿ ಇಟ್ಟ ಸಬ್ಬಕ್ಕಿ ಸಂಡಿಗೆ, ಹಳೇ ಪಂಚೆಯ ತುಂಡುಗಳ ಮೇಲೆ ಅರ್ಧ ಒಣಗಿತ್ತು. ಮಧ್ಯಾಹ್ನ ಸುಟ್ಟ ಹುಲ್ಲಿನ ಕರಿ ಚೂರುಗಳು ಹಾರಿ ಬಂದು ಬೀಳತೊಡಗಿದವು. ನಾನು ಮೇಲಕ್ಕೆ ಓಡಿದೆ. ಅರ್ಧ ಒಣಗಿದ ಸಂಡಿಗೆಯ ಸಂಕಟ ಇಟ್ಟವರಿಗೇ ಗೊತ್ತು. ಬಟ್ಟೆ ಮಡಿಸಿದರೆ ಒಂದಕ್ಕೊಂದು ಅಂಟುತ್ತದೆ. ಎರಡೂ ಕೈ ಮೇಲೆ ಹರಡಿಕೊಂಡು, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ನಿಧಾನಕ್ಕೆ ಇಳಿಸಬೇಕು. ಕೈ ಖಾಲಿ ಇರುವುದಿಲ್ಲವಲ್ಲ, ತಾರಸಿ ಬಾಗಿಲು ಮುಚ್ಚದಿರಲಿ ಅಂತ ಒಂದು ಇಟ್ಟಿಗೆ ಒತ್ತಿಟ್ಟೆ.

ಹೊಗೆ ನನಗಿಂತ ಮೊದಲೇ ಮೆಟ್ಟಿಲಿಳಿಯಿತು.

“ಅಕ್ಕಾ, ಬಾರಕ್ಕ ಇಲ್ಲಿ. ಪಂಪು ಖಾಲಿಯಾಗಿದೆ.”

ನನ್ನನ್ನು ಕರೆಯಲೆಂದೇ ಅವಳು ಬಾಗಿಲು ತೆಗೆದಿದ್ದಳು. ‘ಬಂದೆ ಇರು’ ಅಂತಲೂ ನಾನು ಅನ್ನಲಿಲ್ಲ. ಇನ್ನೊಂದು ಪಂಚೆ ಉಳಿದಿತ್ತು. ಮತ್ತೆ ಕರೆದಳು. ದನಿ ಸಣ್ಣಗಾಗಿತ್ತು. ಇವಳದು ಇದ್ದದ್ದೇ ಅಂದುಕೊಂಡು ಆ ಪಂಚೆಯನ್ನೂ ಎತ್ತಿಕೊಂಡೆ.

ಇಳಿದು ಬಂದಾಗ ಲಲಿತಾ ಮೆಟ್ಟಿಲ ಮೇಲೆ ಕಂಬಿ ಹಿಡಿದು ಕೂತಿದ್ದಳು. ತುಟಿಯಲ್ಲಿ ಬಣ್ಣವೇ ಇರಲಿಲ್ಲ.

ಆಟೋದಲ್ಲಿ ಯಲಹಂಕದ ಆಸ್ಪತ್ರೆಗೆ ಹೋದೆವು. ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಡಾಕ್ಟರ್ ನನ್ನ ಕಡೆ ತಿರುಗಿದರು.

“ಇನ್ನೂ ಬೇಗ ಕರ್ಕೊಂಡು ಬರ್ಬೇಕಿತ್ತಮ್ಮ.”

“ಮೇಲಿದ್ದೆ ಡಾಕ್ಟ್ರೇ. ಕರೆದಿದ್ದು ಕೇಳಿಸ್ಲಿಲ್ಲ.”

ಮಾಸ್ಕಿನ ಮೇಲಿಂದ ಲಲಿತಾ ನನ್ನನ್ನೇ ನೋಡಿದಳು. ಸಂಜೆ ಅವಳ ಗಂಡ ಪೀಣ್ಯದಿಂದ ಓಡಿ ಬಂದ. ಅವನಿಗೂ ಅದನ್ನೇ ಹೇಳಿದೆ. ಒಂದು ಸಲ ಹೇಳಿದ ಸುಳ್ಳು ಎರಡನೇ ಸಲಕ್ಕೆ ಎಷ್ಟು ಸಲೀಸು, ಅಲ್ಲವೇ?

ಅವಳು ಹುಷಾರಾಗಿ ಮನೆಗೆ ಬಂದಳು. ಕೆಲವು ದಿನ ಬಿಟ್ಟು ಮತ್ತೆ ಹೊಗೆ ಬಂತು. ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಎದುರು ಮನೆಯ ಶಬಾನಾ ಲಲಿತಾಳ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರು. “ಲಲಿತಾ ಫೋನ್ ಮಾಡಿದ್ರು ಅಕ್ಕ. ನೀವು ಕೆಲಸದಲ್ಲಿರ್ತೀರಂತೆ” ಎಂದರು.

ರಸ್ತೆ ದಾಟಿ ಬರಬೇಕಾದವರಿಗೆ ಫೋನ್. ಕೆಳಗೇ ಇರುವ ನನಗೆ ಇಲ್ಲ.

ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ಸಾರಿ ಅನ್ನುತ್ತೇವೆ. ಮನೆಯಲ್ಲಿ, ಅದೂ ನಮಗಿಂತ ಚಿಕ್ಕವರಿಗೆ? ಒಂದು ಲೋಟ ಕಾಫಿ ಕೊಟ್ಟು, ಅದರಲ್ಲೇ ಎಲ್ಲ ಹೇಳಿದ ಹಾಗಾಯಿತು ಅಂದುಕೊಳ್ಳುತ್ತೇವೆ. ನಾನೂ ಬಸ್ಸಾರು ಮಾಡಿ ಕಳಿಸಿದೆ. ಹೊಸ ಪಂಪು ತಂದಿಟ್ಟೆ. “ಥ್ಯಾಂಕ್ಸ್ ಅಕ್ಕ” ಅಂದಳು.

ಯಾವ ತಂಗಿ ಅಕ್ಕನಿಗೆ ಥ್ಯಾಂಕ್ಸ್ ಅನ್ನುತ್ತಾಳೆ, ನೀವೇ ಹೇಳಿ?

ನಿನ್ನೆ ಮೇಲೆ ಹೋದೆ. ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ.

“ಏನಕ್ಕ?” ಅಂದಳು.

“ಕೇಳಿಸಿತ್ತು ಕಣೇ ಲಲ್ಲಿ. ಎರಡು ಸಲಾನೂ ಕೇಳಿಸಿತ್ತು. ತಪ್ಪಾಯ್ತು.”