ಮಿರ್ಚಿ ಅಂಗಡಿಯಲ್ಲಿ ಜ್ಞಾನೋಕ್ತಿ

ಸುರಪುರದ ಬಸ್ಸಿಗೆ ಕಾಯುತ್ತ ಶಹಾಪುರದ ನಿಲ್ದಾಣದೆದುರು ಮಂಡಕ್ಕಿ ಸುಸಲಾ, ಮಿರ್ಚಿ ತಿನ್ನುತ್ತಿದ್ದೆ. ಧರ್ಮಗ್ರಂಥ ತೆರೆದು ವಾದಕ್ಕೆ ಕೂತವರನ್ನು ಕಂಡರೆ ನಾನು ಎದ್ದುಹೋಗುವವನು. ಆದರೆ ತಟ್ಟೆ ಇನ್ನೂ ಖಾಲಿಯಾಗಿರಲಿಲ್ಲ.

ಪಕ್ಕದ ಬೆಂಚಿನಲ್ಲಿ ಇಬ್ಬರು ಹಿರಿಯರಿದ್ದರು: ನಿವೃತ್ತ ಶಿಕ್ಷಕ ದೇವಪುತ್ರಪ್ಪ, ದರ್ಜಿ ಖಾಜಾಸಾಬ್. ಬೈಬಲ್ ಇದ್ದದ್ದು ಖಾಜಾಸಾಬರ ಕೈಯಲ್ಲಿ. ತಪ್ಪು ಹುಡುಕಲೆಂದೇ ಮಾಸ್ತರರು ಅದನ್ನು ಅವರಿಗೆ ಕೊಟ್ಟಿದ್ದಾರಂತೆ.

"ಮಾಸ್ತರ, ಇಲ್ಲಿ ನೋಡ್ರಿ. ಜ್ಞಾನೋಕ್ತಿ ಅನ್ನೋ ಭಾಗದೊಳಗ ಮೂರ್ಖಗ ಜವಾಬು ಕೊಡಬ್ಯಾಡ, ನೀನೂ ಅವನಂಗ ಆಗ್ತಿ ಅಂತ ಐತಿ. ಅದರ ಕೆಳಗಿನ ವಚನದಾಗ ಕೊಡು, ಇಲ್ಲಾಂದ್ರ ಅಂವ ತಾನೇ ಶ್ಯಾಣ್ಯಾ ಅನ್ಕೋತಾನ ಅಂತ ಐತಿ. ಯಾವುದು ಖರೆ?"

ಮಾಸ್ತರರು ಸುಮ್ಮನೆ ಮಿರ್ಚಿ ಕಚ್ಚಿದರು. ಅಂಗಡಿಯಾಕೆ ಎಣ್ಣೆಯಿಂದ ಕರಿಯುವ ಝಾರಿ ಎತ್ತಿ ಹಿಡಿದು ಉತ್ತರಕ್ಕೆ ಕಾದಳು.

"ಯಾಕ್ರಿ, ಸೋತ್ರೇನು?" ಖಾಜಾಸಾಬ್ ಕೆಣಕಿದರು.

"ಇಲ್ಲ ಸಾಬ್ರ. ಮೊದಲನೇ ವಚನ ಪಾಲಿಸಾಕತ್ತೀನಿ."

ಅಂಗಡಿಗೆ ಅಂಗಡಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಖಾಜಾಸಾಬ್. ನಗುತ್ತಲೇ ಅವರು ಮಾಸ್ತರರ ತಟ್ಟೆಯ ಕೊನೆಯ ಮಿರ್ಚಿಗೆ ಕೈಹಾಕಿ, "ಹಂಗಾರ ಈಗೂ ಸುಮ್ನಿರ್ರಿ" ಎಂದರು.

ಮಾಸ್ತರರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಈಗ ಎರಡನೇದು ಶುರು ಆತ್ರಿ."