ಅತ್ತೆ ಬೇಕಲ ಕೋಟೆ ಹತ್ತಿದ ದಿನ

ನನ್ನ ಅತ್ತೆ ಭದ್ರಾವತಿಯ ಕಾಗದನಗರದ ಶಾಲೆಯೊಂದರಲ್ಲಿ ನಿವೃತ್ತಿಯವರೆಗೂ ಸಮಾಜ ಪಾಠ ಮಾಡಿದವರು. ಕೆಳದಿಯ ಅರಸರು ಕರಾವಳಿ ಕಾಯಲು ಕಟ್ಟಿಸಿದ ಬೇಕಲ ಕೋಟೆಯ ಚಿತ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದರಂತೆ. ಕಣ್ಣಾರೆ ಮಾತ್ರ ಕಂಡಿರಲಿಲ್ಲ. ರಜೆ ಬಂತೆಂದರೆ ಯಾರದೋ ಬಾಣಂತನ, ಯಾರದೋ ಉಪನಯನ.

ಕಳೆದ ಚಳಿಗಾಲದಲ್ಲಿ ನೆಂಟರ ಮದುವೆಗೆಂದು ಮಂಗಳೂರಿಗೆ ಹೋಗಿದ್ದೆವು. ಮರುದಿನ ಶಿವಮೊಗ್ಗದ ಮನೆಗೆ ಹೊರಡಬೇಕಿದ್ದ ನನ್ನ ಗಂಡ ಸದ್ದಿಲ್ಲದೆ ಕಾರನ್ನು ಕಾಸರಗೋಡಿನ ಕಡೆ ತಿರುಗಿಸಿದರು.

"ಇದ್ಯಾವ ದಾರಿನೋ?" ಅತ್ತೆ ಕೇಳಿದರು.

"ನಿನ್ನ ಕೋಟೆ ದಾರಿ ಅಮ್ಮ."

ಅಲ್ಲಿಂದ ಕೋಟೆ ಬರುವ ತನಕ ಅತ್ತೆ ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಂಡರು.

ಬಾಗಿಲಲ್ಲಿ ನನ್ನವರು, "ಮಂಡಿ ನೋವು ಅಂತೀಯಲ್ಲ, ನೆರಳಲ್ಲಿ ಕೂತ್ಕೋ. ನಾವು ಫೋಟೋ ತಗೊಂಡು ಬರ್ತೀವಿ" ಎಂದರು.

"ಮಂಡಿ ಮನೆಗೆ ಹೋದ್ಮೇಲೆ ನೋಯ್ಲಿ ಬಿಡೋ. ನೀನು ಬೇಕಾದ್ರೆ ಕೂತ್ಕೋ."

ನನ್ನವರು ನಿಜವಾಗಿಯೂ ಕೂತರು. ನಾವಿಬ್ಬರೂ ಹೊರಟೆವು. ಬುರುಜು ಹತ್ತುತ್ತಾ ಅತ್ತೆಯ ಪಾಠ ಶುರುವಾಯಿತು: ಮುರಕಲ್ಲಿನ ಗೋಡೆ, ತೋಪುಗಳನ್ನು ಎಳೆದು ಹತ್ತಿಸಲು ಇಳಿಜಾರು ದಾರಿ. ಮೇಲೆ ಬಂದಿದ್ದೇ ಪಾಠ ಅರ್ಧಕ್ಕೇ ನಿಂತಿತು. ಮೂರು ಕಡೆಯೂ ಸಮುದ್ರ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಇಷ್ಟು ದೊಡ್ಡದು ಅಂತ ನಾನು ಮಕ್ಕಳಿಗೆ ಹೇಳ್ಲೇ ಇಲ್ಲ ಮಾರಾಯ್ತಿ! ಚಾಕ್‌ಪೀಸಲ್ಲಿ ಎರಡು ಗೀಟು ಎಳೆದು ಸಮುದ್ರ ಅಂತಿದ್ದೆ."

ಆಮೇಲೆ ಅವರಿಗೆ ಹುರುಪು ಹತ್ತಿತು. ಕೆಳಗಿಳಿದು, ಕೋವಿ ಇಡಲೆಂದು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಯೊಂದರ ಎದುರು ನನ್ನನ್ನು ನಿಲ್ಲಿಸಿದರು.

"ಬಗ್ಗಿ ನೋಡು. ಏನ್ ಕಾಣ್ತು?"

"ಮೀನು ಹಿಡಿಯೋರ ದೋಣಿ ಅತ್ತೆ."

"ಶತ್ರು ಹಾಗೇ ಬರೋದು! ಹೂಂ, ಹಾರಿಸು!"

ನಾನು ನಾಚಿಕೊಂಡು ಸುತ್ತ ನೋಡಿದೆ. ಪಕ್ಕದಲ್ಲಿ ಇಬ್ಬರು ಮಲಯಾಳಿ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು. ಅತ್ತೆ ಕಾಯಲಿಲ್ಲ. ತಾವೇ ಬಗ್ಗಿ, "ಢಂ!" ಎಂದು ಕೂಗಿದರು.

ಆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಹಿರಿಯಾಕೆ ಮುಂದಿನ ಕಿಂಡಿಗೆ ಬಗ್ಗಿ ಇನ್ನೂ ಜೋರಾಗಿ ಢಂ ಎಂದರು. ನನಗೂ ನಾಚಿಕೆ ಬಿಟ್ಟುಹೋಯಿತು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ನಾಲ್ವರೂ ಸೇರಿ ಅರಬ್ಬೀ ಸಮುದ್ರಕ್ಕೆಲ್ಲ ಗುಂಡು ಹಾರಿಸಿದೆವು. ದೋಣಿ ತನ್ನ ಪಾಡಿಗೆ ತಾನು ಹೋಯಿತು.

ಸದ್ದು ಕೇಳಿ ನನ್ನವರು ಗಾಬರಿಯಿಂದ ಓಡಿ ಬಂದಾಗ ನಾವು ಹುಲ್ಲಿನ ಮೇಲೆ ಕೂತು ಮದುವೆಮನೆಯ ಲಾಡು ಹಂಚಿಕೊಳ್ಳುತ್ತಿದ್ದೆವು. ಅತ್ತೆ ಮಗನ ಕೈಗೂ ಒಂದು ಲಾಡು ಇಟ್ಟು, "ಕೋಟೆ ಉಳೀತು ಕಣೋ, ತಿನ್ನು" ಎಂದರು.